ಕಂಠಪ್ಪನವರ ಸೋಮವಾರದ ಫಲಾಹಾರ

ಹೆಂಡತಿಯನ್ನು ಹೋಟೆಲಿಗೆ ಕರೆದುಕೊಂಡು ಹೋಗಬೇಕೆಂಬ ದಿವ್ಯ ಆಲೋಚನೆ ಕಂಠಪ್ಪನವರಿಗೆ ಹೊಳೆದದ್ದು ಒಂದು ಬುಧವಾರ ಬೆಳಿಗ್ಗೆ, ಮನೆಯ ಕಾಫಿಯನ್ನು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ ಮೇಲೆ. ಅದು ಹೊಳೆಯದೇ ಹೋಗಿದ್ದರೆ ಅವರು ಕೊನೆತನಕ ಹುಣಸೂರಿನಲ್ಲಿ ತಲೆಯೆತ್ತಿಕೊಂಡು ಓಡಾಡಬಹುದಾಗಿತ್ತು.

"ಇದು ಕಾಫಿಯೇನೇ? ಭಟ್ರ ಕ್ಲಬ್ಬಿನ ಕಾಫಿ ಮುಂದೆ ಇದು ನೆಗಡಿಗೆ ಕೊಡೋ ಕಷಾಯ ಕಣೇ" ಅಂದರು.

ಮಂಗಳಮ್ಮ ಒಲೆಯ ಕಡೆಯಿಂದ ತಿರುಗಿಯೂ ನೋಡಲಿಲ್ಲ. "ಭಟ್ರ ಕಾಫಿ, ಸೋಮಮ್ಮನ ಇಡ್ಲಿ, ಮಾದೇವಯ್ಯನ ದೋಸೆ ಅಂತ ಮದ್ವೆಯಾದಾಗಿಂದ ಕೇಳ್ತಾನೇ ಇವ್ನಿ. ಕೇಳಿ ಕೇಳಿ ಕಿವೀಗೆ ಹೊಟ್ಟೆ ತುಂಬ್ಯದೆ. ನಾಲಿಗೆ ಮೇಲೆ ಮಾತ್ರ ಒಂದ್ ತೊಟ್ಟೂ ಬಿದ್ದಿಲ್ಲ."

"ಹಂಗಾದ್ರೆ ನಾಳೆ ಹೊರಡು! ಒಂದ್ಸಲ ರುಚಿ ನೋಡ್ಬುಟ್ಟು ಆಮೇಲೆ ಮಾತಾಡುವೆಯಂತೆ."

ಹೇಳಿದ ಮೇಲೆ ಅವರಿಗೇ ಕೊಂಚ ಗಾಬರಿಯಾಯಿತು. ಆದರೆ ಗಂಡಸಿನ ಬಾಯಿಂದ ಬಿದ್ದ ಮಾತು, ಅದೂ ಕಂಠಪ್ಪನವರ ಬಾಯಿಂದ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರು ಬೆಲ್ಲ, ಹಿಂಡಿ, ಹಗ್ಗ ಮಾರುವ ಅಂಗಡಿ ಇಟ್ಟಿದ್ದರು, ನಿಜ. ಆದರೆ ಊರು ಅವರನ್ನು ಬಲ್ಲದ್ದು ಬೆಲ್ಲದಿಂದಲ್ಲ. ಹುಣಸೂರಿನಲ್ಲಿ ಯಾವ ಹೋಟೆಲಿನಲ್ಲಿ ಏನು ಚೆನ್ನ ಎಂಬ ವಿಷಯದಲ್ಲಿ ಕಡೆಯ ತೀರ್ಪು ಅವರದು. ಆ ಕಂಠದೊಳಗೆ ಇಳಿಯದ ತಿಂಡಿಯಿಲ್ಲ, ಆ ಕಂಠದಿಂದ ಹೊರಡದ ಅಭಿಪ್ರಾಯವಿಲ್ಲ. ಪಿರಿಯಾಪಟ್ಟಣದ ಕಡೆ ಸಾಲ ವಸೂಲಿಗೆ ಹೋದವರು ಕಂಪಲಾಪುರದಲ್ಲಿ ಇಳಿದು, ಬೋಂಡ ತಿಂದು, ಬಂದ ಕೆಲಸ ಮರೆತು ವಾಪಸು ಬಂದದ್ದೂ ಉಂಟು.

ನಯಾಪೈಸೆ ಇನ್ನೂ ಬಂದಿರದ ಕಾಲ ಅದು. ಬಸ್ ಸ್ಟ್ಯಾಂಡಿನ ಬೀದಿಯಲ್ಲಿ ಇದ್ದದ್ದೇ ನಾಲ್ಕು ಹೋಟೆಲು, ಒಂದರಂತೆ ಇನ್ನೊಂದಿಲ್ಲ. ಬಸ್ ಸ್ಟ್ಯಾಂಡಿಗೆ ಎದುರಾಗಿ ಭಟ್ಟರ ಕಾಫಿ ಕ್ಲಬ್ಬು. ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆಯೇ ಅಲ್ಲಿ ಬೀಜ ಹುರಿಯುವ ವಾಸನೆ ಬೀದಿಯ ಈ ತುದಿಯವರೆಗೂ ಬಂದು ಮಲಗಿದವರನ್ನು ಎಬ್ಬಿಸುತ್ತಿತ್ತು. ಇತ್ತ ಬಂದರೆ ಸೋಮಮ್ಮನ ಇಡ್ಲಿ ಮನೆ. ಹೋಟೆಲೆಂದರೆ ಹೋಟೆಲು, ಇಲ್ಲವೆಂದರೆ ಆಕೆಯ ಮನೆಯ ಜಗಲಿ. ಕೊಡಗಿನ ಕಡೆಗೆ ಹೋಗುವ ಲಾರಿಗಳು ನಿಲ್ಲುವ ಜಾಗದಲ್ಲಿ ಒಬ್ಬ ಮಲೆಯಾಳಿ ಕಾಕನ ಚಹಾದಂಗಡಿ. ನಡುಮಧ್ಯೆ, ಎಲ್ಲಕ್ಕೂ ಕಿರೀಟವಿಟ್ಟ ಹಾಗೆ, ಮಹದೇವಯ್ಯನವರ "ಶ್ರೀ ನಂಜುಂಡೇಶ್ವರ ಫಲಾಹಾರ ಮಂದಿರ". ಅಲ್ಲಿಯ ಮಸಾಲೆ ದೋಸೆಗೆ ಹನಗೋಡಿನಿಂದ ಗಾಡಿ ಕಟ್ಟಿಕೊಂಡು ಬರುವವರಿದ್ದರು. ಇವತ್ತು ಆ ಬೀದಿಯಲ್ಲಿ ನಿಂತರೆ ಅವುಗಳಲ್ಲಿ ಒಂದರ ಗುರುತೂ ಸಿಗುವುದಿಲ್ಲ. ನೆನೆಸಿಕೊಂಡರೆ ಮೊದಲು ನಾಲಿಗೆಗೆ, ಆಮೇಲೆ ಮನಸ್ಸಿಗೆ ಸಂಕಟವಾಗುತ್ತದೆ.

ಆಗ ಹೋಟೆಲುಗಳಲ್ಲಿ ಬಿಲ್ಲು ಬರೆಯುವ ಪದ್ಧತಿಯಿರಲಿಲ್ಲ. ಗಿರಾಕಿ ಕೈತೊಳೆದು ಎದ್ದ ಕೂಡಲೆ ಸಪ್ಲೈಯರು ಒಳಗಿನಿಂದಲೇ ಗಲ್ಲಾದ ಕಡೆಗೆ ಕೂಗಿ ಹೇಳುತ್ತಿದ್ದ. ಹೆಸರು ಯಾರಿಗೆ ಗೊತ್ತು? ಕಣ್ಣಿಗೆ ಕಂಡದ್ದೇ ಹೆಸರು. "ಮುರುಕಲ್ ಕೊಡೆ ಎರಡಾಣೆ! ಕೆಂಪ್ ರುಮಾಲು ಮೂರಾಣೆ! ಇಂದ್ಗಡೆ ಬತ್ತಾ ಇರೋ ಕೆಮ್ಮು ಒಂದಾಣೆ!" ದಿನಾ ಬರುವವರಿಗಂತೂ ಇಂಥ ಬಿರುದುಗಳು ಕಾಯಂ. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮಹದೇವಯ್ಯನವರ ಸಪ್ಲೈಯರು ಸಣ್ಣಯ್ಯನ ಗಂಟಲು ಎಂಥದ್ದೆಂದರೆ, ಅವನು ಲೆಕ್ಕ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ಸಣ್ಣಯ್ಯ ಕಂಠಪ್ಪನವರಿಗೆ ಇಟ್ಟಿದ್ದ ಹೆಸರು "ಒಪ್ಪತ್ತು".

ಅದರ ಹಿಂದೆ ಒಂದು ಕಥೆಯಿದೆ. ಮದುವೆಯಾದ ಎರಡನೆಯ ವರ್ಷ ಮಂಗಳಮ್ಮನಿಗೆ ವಿಷಮಶೀತ ಜ್ವರ ಬಂದು, ಇಪ್ಪತ್ತೊಂದು ದಿನ ಕಣ್ಣು ಬಿಟ್ಟಿರಲಿಲ್ಲ. ಕಂಠಪ್ಪನವರು ಅತ್ತು, ನಂಜುಂಡೇಶ್ವರನಿಗೆ ಹರಕೆ ಹೊತ್ತರು: ಇವಳು ಎದ್ದು ಕೂತರೆ ಜೀವ ಇರುವವರೆಗೂ ಸೋಮವಾರ ಒಪ್ಪತ್ತು ಮಾಡುತ್ತೇನೆ, ರಾತ್ರಿ ಪೂಜೆಯಾದ ಮೇಲೆ ಒಂದೇ ಊಟ. ಅವಳು ಎದ್ದು ಕೂತಳು. ಎರಡು ವರ್ಷ ಅವರು ಕಟ್ಟುನಿಟ್ಟಾಗಿ ಮಾಡಿದರು. ಮೂರನೆಯ ವರ್ಷ ಒಂದು ಸೋಮವಾರ, ಹಣೆತುಂಬ ವಿಭೂತಿ ಧರಿಸಿ ಅಂಗಡಿಗೆ ಹೋಗುವಾಗ ಮಹದೇವಯ್ಯನವರ ಕಲ್ಲಿನ ಮೇಲೆ ದೋಸೆ ಚೊಯ್ ಅಂದಿತು. ಕಂಠಪ್ಪನವರು ನಿಂತರು. ತಲೆಯೆತ್ತಿ ಬೋರ್ಡು ನೋಡಿದರು. "ಫಲಾಹಾರ ಮಂದಿರ". ವ್ರತದ ದಿನ ಅನ್ನ ತಿನ್ನಬಾರದೇ ಹೊರತು ಫಲಾಹಾರಕ್ಕೆ ಯಾವ ಶಾಸ್ತ್ರದಲ್ಲಿ ಅಡ್ಡಿಯಿದೆ? ಸಾಲದ್ದಕ್ಕೆ ಮೇಲೆ ನಂಜುಂಡೇಶ್ವರನ ಹೆಸರೇ ಇದೆ. ಆತನಿಗೆ ಹೊತ್ತ ಹರಕೆ, ಆತನ ಮಂದಿರ. ಒಳಗೆ ಹೋಗಿ ಕೂತು, "ಇವತ್ತು ನಂಗೆ ಒಪ್ಪತ್ತು ಕಣಯ್ಯ, ಅನ್ನ ಮುಟ್ಟಂಗಿಲ್ಲ. ಎರಡು ಮಸಾಲೆ ಸಾಕು" ಅಂದರು. ಸಣ್ಣಯ್ಯ ಅವತ್ತೇ ನಾಮಕರಣ ಮಾಡಿಬಿಟ್ಟ.

ಅಂದು ಸಂಜೆ ಮಂಗಳಮ್ಮ, "ಬೆಳಿಗ್ಗೆಯಿಂದ ಹೊಟ್ಟೆಗೆ ಏನಾರ ತಕಂಡ್ರಾ?" ಎಂದು ಕೇಳಿದಳು.

"ಒಂದಿಷ್ಟು ಫಲಾಹಾರ ಆಯ್ತು."

(ಸುಳ್ಳು ಹೇಳಿದರೇ? ಇಲ್ಲ. ಬೋರ್ಡಿನಲ್ಲಿದ್ದದ್ದನ್ನೇ ಹೇಳಿದರು.) ಆದರೆ ಮಂಗಳಮ್ಮನಿಗೆ ಫಲ ಅಂದರೆ ಬಾಳೆಹಣ್ಣು. ತನ್ನ ಜೀವಕ್ಕೋಸ್ಕರ ಈ ಗಂಡಸು ಬರೀ ಹಣ್ಣು ತಿಂದುಕೊಂಡು ಇಡೀ ದಿನ ಹಿಂಡಿ ಮೂಟೆ ಎತ್ತಿಸುತ್ತಾನಲ್ಲ ಎಂದು ಅವಳ ಕಣ್ಣಲ್ಲಿ ನೀರು ತುಂಬಿತು. "ಮುಂದಿನ್ ವಾರದಿಂದ ನಾನೂ ಅಷ್ಟೇಯ. ಎರಡು ಬಾಳೇಹಣ್ಣು, ಒಂದ್ ಲೋಟ ನೀರು" ಅಂದಳು. ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಾಗಿತ್ತು. ಕಂಠಪ್ಪನವರು ಹೇಳಲೆಂದು ಬಾಯಿ ತೆರೆದರು. ತೇಗು ಬಂತು, ಮಾತು ಬರಲಿಲ್ಲ.

ಒಂಬತ್ತು ವರ್ಷ ಹೀಗೆಯೇ ನಡೆಯಿತು. ಪಕ್ಕದ ಮನೆಯ ವಿಮಲಮ್ಮ ಹೊಸ ಬಳೆ ತೋರಿಸಲು ಬಂದಾಗಲೆಲ್ಲ ಮಂಗಳಮ್ಮ, "ನಮ್ಮೆಜಮಾನ್ರು ನಂಗೆ ಬಳೆ ತಂದ್ಕೊಡ್ನಿಲ್ಲ ಕಣಕ್ಕ. ನನ್ ಜೀವುಕ್ಕೆ ಸೋಮ್ವಾರ ಕೊಟ್ಟವ್ರೆ" ಅನ್ನುತ್ತಿದ್ದಳು. ಒಳಗೆ ಕೂತ ಕಂಠಪ್ಪನವರಿಗೆ ಇದು ಕೇಳಿಸಿದಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ನಿಜವಾಗಿ ಚುಚ್ಚುತ್ತಿತ್ತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅದು ವಾಸಿಯಾಗುತ್ತಿತ್ತು.

ಈಗ ನಿಮಗೆ ಅವರ ಗಾಬರಿ ಅರ್ಥವಾಗಿರಬೇಕು. ಬುಧವಾರ ಸಂಜೆಯೇ ಅವರು ಮಹದೇವಯ್ಯನವರ ಹೋಟೆಲಿಗೆ ಹೋಗಿ ಸಣ್ಣಯ್ಯನನ್ನು ಮೂಲೆಗೆ ಕರೆದರು.

"ನೋಡಯ್ಯ, ನಾಳೆ ಮನೆಯವಳ್ನ ಕರ್ಕೊಂಡು ಬತ್ತೀನಿ. ಸೋಮವಾರದ ಸುದ್ದಿ ಎತ್ತಬೇಡ."

"ಅಯ್ಯೋ, ನಾನ್ಯಾಕೆ ಎತ್ಲಿ ಸ್ವಾಮಿ? ನಾಲಿಗೆ ಕಚ್ಕೊಂಡಿರ್ತೀನಿ ಬುಡಿ" ಅಂದ ಸಣ್ಣಯ್ಯ.

ಗುರುವಾರ ಬೆಳಿಗ್ಗೆ ಸವಾರಿ ಹೊರಟಿತು. ಮುಂದೆ ಕೋಟು, ಕರಿ ಟೋಪಿ, ಕೈಯಲ್ಲಿ ಕೊಡೆ ಹಿಡಿದ ಕಂಠಪ್ಪನವರು. ನಾಲ್ಕು ಹೆಜ್ಜೆ ಹಿಂದೆ, ಮದುವೆಗೆ ಹೊರಟವಳ ಹಾಗೆ ಧರ್ಮಾವರದ ಸೀರೆಯುಟ್ಟ ಮಂಗಳಮ್ಮ. ಆ ಬೀದಿಯ ಮನೆವಂತ ಹೆಂಗಸೊಬ್ಬಳು ಹೋಟೆಲಿಗೆ ಹೋಗುವುದು ಅದೇ ಮೊದಲು. ಕಿಟಕಿಗಳೆಲ್ಲ ತೆರೆದುಕೊಂಡವು. ಮೊದಲು ಇಡ್ಲಿ, ಆಮೇಲೆ ದೋಸೆ, ಕಡೆಗೆ ಭಟ್ಟರ ಕಾಫಿಯಿಂದ ಮಂಗಳ ಹಾಡುವುದು ಎಂದು ಕಂಠಪ್ಪನವರ ಏರ್ಪಾಡು. (ಮಂಗಳ ಯಾರಿಗೆ ಯಾರು ಹಾಡಿದರು ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ.)

ಸೋಮಮ್ಮನ ಜಗಲಿಯಲ್ಲಿ ಕಂಠಪ್ಪನವರು ಇಡ್ಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನೋಡೇ, ಮಲ್ಲಿಗೆ! ಹುಣಸೂರಿಗೆಲ್ಲ ಇಂಥ ಇಡ್ಲಿಯಿಲ್ಲ" ಎಂದು ಉಪನ್ಯಾಸ ಶುರು ಮಾಡಿದರು. ಮಂಗಳಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಉದ್ದು ಹಳೇದಾ ಸೋಮಮ್ಮ?" ಅಂದಳು.

ಸೋಮಮ್ಮ ಸೌಟು ಕೆಳಗಿಟ್ಟಳು. "ಊ ಕಣವ್ವ! ಓದ ತಿಂಗಳ್ದು. ಎಂಗ್ ಗೊತ್ತಾಯ್ತು ನಿಮ್ಗೆ? ಈ ಸ್ವಾಮ್ಯೋರು ನಾಕು ವಾರದಿಂದ ಮಲ್ಲಿಗೆ ಮಲ್ಲಿಗೆ ಅಂತ ತಿಂದವ್ರೆ, ಒಂದ್ ದಿನಾನೂ ಏಳ್ನಿಲ್ಲ."

ಅಲ್ಲಿಂದ ಇಬ್ಬರೂ ಹೆಂಗಸರು ಉದ್ದು, ಅಕ್ಕಿ, ರುಬ್ಬುವ ಕಲ್ಲು ಎಂದು ಅರ್ಧ ಗಂಟೆ ಮಾತಾಡಿದರು. ಮಲ್ಲಿಗೆ ಕೈಯಲ್ಲಿ ಹಿಡಿದುಕೊಂಡು ಕೂತ ಕಂಠಪ್ಪನವರನ್ನು ಕೇಳುವವರಿರಲಿಲ್ಲ.

ಮಹದೇವಯ್ಯನವರು ಆ ವರ್ಷ ಹೊಸದಾಗಿ ಫ್ಯಾಮಿಲಿ ರೂಮು ಮಾಡಿದ್ದರು. ರೂಮು ಎಂದರೆ ಮೂಲೆಯ ಎರಡು ಮೇಜು, ಅದಕ್ಕೊಂದು ಹಸಿರು ಪರದೆ. ಮಂಗಳಮ್ಮ ಬೆಂಚಿನ ತುದಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ದೋಸೆ ಬಂತು. ಕೆಂಪಗೆ, ಗರಿಗರಿಯಾಗಿ, ನಡುವೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಅವಳು ಒಂದು ಚೂರು ತಿಂದಳು. ಕಣ್ಣು ಮುಚ್ಚಿದಳು. ಇನ್ನೊಂದು ಚೂರು ತಿಂದಳು.

"ಹೆಂಗಿದೆ?" ಎಂದು ಕೇಳುವಾಗ ಕಂಠಪ್ಪನವರ ಧ್ವನಿಯಲ್ಲಿ ಜಂಭವಿರಲಿಲ್ಲ.

"ಚೆನ್ನಾಗದೆ ಕಣ್ರೀ" ಅಂದಳು ಮೆಲ್ಲಗೆ. "ಪಲ್ಯಕ್ಕೆ ಶುಂಠಿ ಒಂಚೂರು ಜಾಸ್ತಿಯಾಯ್ತು. ಆದ್ರೂ ಚೆನ್ನಾಗದೆ. ಇಂಥದ್ನ ಒಬ್ರೇ ತಿನ್ನಾಕೆ ಹೆಂಗ್ ಮನಸ್ ಬತ್ತಿತ್ತು ನಿಮ್ಗೆ?"

ಕಂಠಪ್ಪನವರು ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಹಾಕಿದರು. ಇಷ್ಟು ವರ್ಷ ಇವಳನ್ನು ಕರೆತರಲಿಲ್ಲವಲ್ಲ ಎಂದು ಮನಸ್ಸಾರೆ ನೊಂದುಕೊಂಡರು. ಇನ್ನೆರಡು ದೋಸೆ ತರಿಸಿದರು. ಬದುಕಿನಲ್ಲಿ ಅಷ್ಟು ಸಂತೋಷದಿಂದ ಅವರು ದೋಸೆ ತಿಂದದ್ದಿಲ್ಲ. ಕೈತೊಳೆದು, ಪರದೆ ಸರಿಸಿ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಗಲ್ಲಾದ ಕಡೆಗೆ ಹೊರಟರು.

ಸಣ್ಣಯ್ಯ ಪಾಪ, ಸೋಮವಾರದ ಸುದ್ದಿ ಎತ್ತಲಿಲ್ಲ. ಕೊಟ್ಟ ಮಾತಿಗೆ ತಪ್ಪುವವನಲ್ಲ ಅವನು. ತನ್ನ ಕೆಲಸ ಮಾಡಿದ, ಅಷ್ಟೆ. ಅದೂ ಅಮ್ಮಾವ್ರು ಬಂದಿದ್ದಾರೆಂಬ ಉತ್ಸಾಹದಲ್ಲಿ ಎಂದಿಗಿಂತ ಜೋರಾಗಿ:

"ಒಪ್ಪತ್ತು, ನಾಕು ಮಸಾಲೇ!"

ಗಲ್ಲಾದಲ್ಲಿ ಕೂತ ಮಹದೇವಯ್ಯನವರಿಗೆ ಸ್ವಲ್ಪ ಕಿವಿ ಮಂದ, ಕಣ್ಣು ಅದಕ್ಕಿಂತ ಮಂದ. "ಏನ್ಲಾ ಸಣ್ಣಯ್ಯ, ಇವತ್ತು ಗುರ್ವಾರ. ಒಪ್ಪತ್ತು ಬರೋದು ಸೋಮ್ವಾರ ಅಲ್ವೇನ್ಲಾ? ಅದೂ ಎರಡೇ ಮಸಾಲೆ. ಒಂಬತ್ತು ವರ್ಷದಿಂದ ಒಂದ್ ವಾರಾನೂ ತಪ್ಸಿಲ್ಲ ಪುಣ್ಯಾತ್ಮ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕನ್ನಡಕ ಏರಿಸಿಕೊಂಡರು.

ಮಂಗಳಮ್ಮ ನಿಂತಲ್ಲೇ ನಿಂತಳು. ಗಂಡನ ಕಡೆಗೆ ತಿರುಗಿ ಕೇಳಿದಳು: "ಫಲಾರ ಅಂದ್ರೆ ಇದೇಯಾ?"

"ಅದು... ಬೋರ್ಡು... ಬೋರ್ಡು ನೋಡೇ ಬೇಕಾದ್ರೆ..." ಅಂದರು ಕಂಠಪ್ಪನವರು.

ಅವಳು ಹೊರಗೆ ಬಂದು ತಲೆಯೆತ್ತಿ ನಿಜವಾಗಿಯೂ ನೋಡಿದಳು. ನಾಲ್ಕನೆಯ ತರಗತಿಯವರೆಗೆ ಓದಿದವಳು. "ಫ-ಲಾ-ಹಾ-ರ" ಎಂದು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು. ಆಮೇಲೆ ಮನೆಯ ಕಡೆ ನಡೆದಳು. ಭಟ್ಟರ ಕಾಫಿ ಹಾಗೇ ಉಳಿಯಿತು. ಹೋಗುವಾಗ ಅವಳು ಮುಂದೆ, ಕೊಡೆ ಹಿಡಿದ ಕಂಠಪ್ಪನವರು ನಾಲ್ಕು ಹೆಜ್ಜೆ ಹಿಂದೆ.

ಮನೆಯಲ್ಲಿ ಮಂಗಳಾರತಿ ಖಂಡಿತ ಎಂದುಕೊಂಡು ಅವರು ತಲೆ ತಗ್ಗಿಸಿ ಕೂತರು. ಮಂಗಳಮ್ಮ ಬೈಯಲಿಲ್ಲ. ಸೀರೆ ಬದಲಾಯಿಸಿ ಬಂದು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ವಾರಕ್ಕೆರಡು" ಅಂದಳು ಒಂದು ಕಲ್ಲು ಹೆಕ್ಕಿ ಎಸೆದು. "ಒಂಬತ್ತು ವರ್ಷಕ್ಕೆ ಒಂಬೈನೂರ ಮೂವತ್ತಾರು ಬಾಳೇಹಣ್ಣು ತಿಂದಿವ್ನಿ ಕಣ್ರೀ. ನಂಗೆ ಬಾಳೇಹಣ್ಣು ಸೇರಾಕಿಲ್ಲ, ಗೊತ್ತಾ?"

"ಗೊತ್ತಿರ್ಲಿಲ್ಲ ಕಣೇ."

"ದೋಸೆ ತಿನ್ನಿ, ಯಾರ್ ಬ್ಯಾಡ ಅಂದ್ರು? ನನ್ ಜೀವುಕ್ಕೆ ಹೊತ್ತ ಹರಕೆ ಅಂತ ಊರಿಗೆಲ್ಲ ಹೇಳ್ಕೊಂಡ್ ಬಂದೆನಲ್ಲ, ಅದ್ಕೆ ಹೊಟ್ಟೆ ಉರೀತದೆ. ನೀವು ಏನೇ ಹೇಳಿದ್ರೂ ನಂಬ್ತಿದ್ದೆ ನಾನು."

"ಜೀವ ಉಳೀತಲ್ಲ..." ಎಂದು ಶುರು ಮಾಡಿದವರು ಅವಳ ಮುಖ ನೋಡಿ ಅಲ್ಲಿಗೇ ನುಂಗಿಕೊಂಡರು. "ತಪ್ಪಾಯ್ತು ಮಂಗಳ. ಬರೋ ಸೋಮವಾರದಿಂದ ನೋಡು. ನೀರು ಬಿಟ್ರೆ ಇನ್ನೇನೂ ಮುಟ್ಟಲ್ಲ."

"ಹರಕೆ ನಿಮ್ದು, ನೀವುಂಟು ನಿಮ್ ನಂಜುಂಡೇಶ್ವರ ಉಂಟು. ನಾನಂತೂ ಸೋಮ್ವಾರ ಅನ್ನ ಸಾರು ಉಣ್ತೀನಿ" ಅಂದಳು ಮಂಗಳಮ್ಮ.

ಹೆಂಡತಿ ಮತ್ತೆ ತನ್ನ ಮಾತು ನಂಬಬೇಕು. ಕಂಠಪ್ಪನವರಿಗೆ ಆ ವಾರ ಬೇರೆ ಯೋಚನೆಯೇ ಇರಲಿಲ್ಲ. ಸೋಮವಾರ ಬಂತು. ವಿಭೂತಿ ಧರಿಸಿ, ಹೋಟೆಲಿನ ಮುಂದೆ ಹಾಯದೆ, ಊರೆಲ್ಲ ಸುತ್ತಿಕೊಂಡು ಅಂಗಡಿ ಸೇರಿದರು. ಹತ್ತಾಯಿತು. ಹನ್ನೊಂದಾಯಿತು. ಹಿಂಡಿ ಮೂಟೆಯ ವಾಸನೆ ಕೂಡ ಹಿತವಾಗಿ ಕಾಣತೊಡಗಿತು. ಆ ಹೊತ್ತಿಗೆ ಸ್ವತಃ ಮಹದೇವಯ್ಯನವರೇ ಬಾಳೆಯೆಲೆಯ ಪೊಟ್ಟಣವೊಂದನ್ನು ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. ಎಲೆಯೊಳಗಿಂದ ಬಿಸಿದೋಸೆಯ ಪರಿಮಳ.

ಕಂಠಪ್ಪನವರು ದಢಕ್ಕನೆ ಎದ್ದು ಕೈಮುಗಿದರು. "ಬೇಡ ಮಹದೇವಯ್ಯನೋರೇ, ನಿಮ್ಮ ದಮ್ಮಯ್ಯ. ಇವತ್ತು ಮುಟ್ಟಂಗಿಲ್ಲ."

"ನಿಮಗಲ್ಲ ಸ್ವಾಮಿ!" ಅಂದರು ಮಹದೇವಯ್ಯನವರು. "ಅಮ್ಮಾವ್ರಿಗೆ. ಅವತ್ತು ಶುಂಠಿ ಜಾಸ್ತಿ ಅಂದ್ರಂತಲ್ಲ, ಸಣ್ಣಯ್ಯ ಕೇಳಿಸ್ಕೊಂಡವ್ನೆ. ತಿಂದು ನೋಡಿದ್ರೆ ಹೌದು ಕಣ್ರೀ! ಇವತ್ತು ಕಮ್ಮಿ ಮಾಡ್ಸಿವ್ನಿ. ಅವ್ರು ರುಚಿ ನೋಡಿ ಸೈ ಅಂದ್ರೆ ನಂಗೆ ಧೈರ್ಯ. ನೀವು ಹದಿನೈದು ವರ್ಷದಿಂದ ತಿಂತಾ ಇದ್ದೀರಿ, ಏನ್ ಪ್ರಯೋಜನ?"

ಹುಣಸೂರಿನ ಹೋಟೆಲುಗಳ ಪರಮೋಚ್ಚ ನ್ಯಾಯಾಲಯ ಹೀಗೆ ಒಂದೇ ಮಾತಿನಲ್ಲಿ ಬಾಗಿಲು ಹಾಕಿತು. ಹಸಿದ ಹೊಟ್ಟೆ, ಎಡಗೈಯಲ್ಲಿ ಬಿಸಿ ಪೊಟ್ಟಣ; ಮನೆ ಎರಡು ಫರ್ಲಾಂಗು. ಆ ಎರಡು ಫರ್ಲಾಂಗನ್ನು ಕಂಠಪ್ಪನವರು ಉಸಿರು ಬಿಗಿಹಿಡಿದು ನಡೆದರು.

ಮಂಗಳಮ್ಮ ಎಲೆ ಬಿಚ್ಚಿ, ಎಣಿಸಿ, ಒಂದು ಚೂರು ತಿಂದು ನೋಡಿದಳು. "ಈಗ ಸರಿಹೋಯ್ತು. ಉಪ್ಪು ಒಂದ್ ಹರಳು ಕಮ್ಮಿ. ಹೇಳ್ಬುಟ್ ಬನ್ನಿ" ಅಂದಳು.

ಹೇಳಿಬರಲು ಹೋದರು. ಮಹದೇವಯ್ಯನವರು, "ಕೂತ್ಕೊಳ್ಳಿ, ದಣಿದು ಬಂದಿದೀರಿ" ಎಂದು ಬೆಂಚು ತೋರಿಸಿದರು. ಸಣ್ಣಯ್ಯ ಬಂದು ನಿಂತ. ಕಂಠಪ್ಪನವರು ಗಂಭೀರವಾಗಿ, "ಏನೂ ಬೇಡ ಕಣಯ್ಯ. ಇವತ್ತು ನಂಗೆ ಒಪ್ಪತ್ತು" ಅಂದರು.

ಇಡೀ ಹೋಟೆಲು ಗೊಳ್ಳೆಂದು ನಕ್ಕಿತು. ಕೆಂಪು ರುಮಾಲಿನವರು ನಕ್ಕು ನಕ್ಕು ಕಾಫಿ ನೆತ್ತಿಗೇರಿಸಿಕೊಂಡರು. ಸಣ್ಣಯ್ಯನೂ ನಗುತ್ತಲೇ ಒಳಗೆ ಹೋಗಿ ಎರಡು ಮಸಾಲೆ ತಂದು ಮುಂದಿಟ್ಟ. ಕಂಠಪ್ಪನವರು ಆ ದೋಸೆಗಳನ್ನು ನೋಡಿದರು. ದೋಸೆಗಳೂ ಅವರನ್ನು ನೋಡಿದವು. ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಒಂದು ನಿಮಿಷವಾಯಿತು. ಆಮೇಲೆ ಅವರು ಬಲಗೈಯಿಂದ ತಟ್ಟೆಯನ್ನು ಸಣ್ಣಯ್ಯನ ಕಡೆಗೆ ಜೋರಾಗಿ ತಳ್ಳಿ ಎದ್ದು ನಿಂತರು. ತಳ್ಳಿದ ರಭಸಕ್ಕೆ ಮೇಲಿನ ದೋಸೆ ಜಾರಿತು. ಅದನ್ನು ಹಿಡಿಯಲು ಹೋಗಿ ಐದು ಬೆರಳಿಗೂ ಬೆಣ್ಣೆ ಮೆತ್ತಿತು. ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಗೆದ್ದಿದ್ದರು! ಪಂಚೆ ಎತ್ತಿಕಟ್ಟಿಕೊಂಡು ಮನೆಗೆ ಓಡಿದರು.

"ಮಂಗಳಾ! ಮುಂದೆ ತಂದಿಟ್ರು ಕಣೇ, ಎರಡು ಮಸಾಲೆ! ಊರೆಲ್ಲ ನಗ್ತು. ಆದ್ರೂ ತಿನ್ನಲಿಲ್ಲ! ನಿನ್ನಾಣೆಗೂ ಒಂದ್ ಚೂರೂ ತಿನ್ನಲಿಲ್ಲ!"

ಮಂಗಳಮ್ಮ ಅವರ ಮುಖವನ್ನು ನೋಡಿದಳು. ಕಣ್ಣು ನಂಬುವ ಹಾಗೆಯೇ ಅರಳಿತು. ಪ್ರೀತಿಯಿಂದ ಅವರ ಬಲಗೈ ಹಿಡಿದುಕೊಂಡಳು. ಹಿಡಿದವಳು ಹಾಗೇ ನಿಂತು, ನಿಧಾನವಾಗಿ ಅದನ್ನು ಮೂಗಿನ ಹತ್ತಿರ ತಂದುಕೊಂಡಳು. ಒಂಬತ್ತು ವರ್ಷ ಅವರು ತಿಂದುಬಂದಾಗ ನಂಬಿದ್ದವಳು ಅವಳು.

"ಅದು ತಳ್ಳುವಾಗ... ಜಾರ್ತು... ಹಿಡ್ಕೊಳ್ಳೋಕೆ ಹೋಗಿ..." ಕಂಠಪ್ಪನವರ ಕಂಠದಲ್ಲಿ ಮುಂದಿನ ಮಾತು ಹೊರಡಲಿಲ್ಲ.

ಮಂಗಳಮ್ಮನಿಗೆ ಸಿಟ್ಟು ಬರಲಿಲ್ಲ. ನಗು ಬಂತು, ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಸೆರಗಿನ ತುದಿಯಿಂದ ಗಂಡನ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತ ಅಂದಳು:

"ತಿಂದ್ರೆ ತಿಂದ್ರಿ, ಹೋಗ್ಲಿ ಬುಡಿ. ಕೈಯಾದ್ರೂ ತೊಳ್ಕೊಂಡ್ ಬರ್ಬಾರ್ದಾ?"